ಸ್ಪ್ರೆಡ್‌ಶೀಟಿನಲ್ಲೇ 21 ಅಂಕೆ ಒಡೆದೆ: ನನ್ನ ಅನುಭವ

147573952589676412927. ಅಂದರೆ 2ರ 67ನೇ ಘಾತದಲ್ಲಿ ಒಂದು ಕಡಿಮೆ. ಇದನ್ನು ಸ್ಪ್ರೆಡ್‌ಶೀಟಿನಲ್ಲೇ ಒಡೆಯುತ್ತೇನೆ, ಅಂದರೆ ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತೆ ಅಂತ ಹುಡುಕುತ್ತೇನೆ ಅಂದಾಗ ಗೆಳೆಯರು ನಕ್ಕರು. 'ಪೈಥಾನ್‌ನಲ್ಲಿ ನಾಲ್ಕು ಸಾಲು ಪ್ರೋಗ್ರಾಂ ಬರಿ, ಮುಗೀತು' ಅಂದ ಒಬ್ಬ. ಅದು ನನಗೂ ಗೊತ್ತು. ಆದರೆ ಹಠ ಹಿಡಿದಿತ್ತು.

ಮೊದಲ ಏಟು ಮೊದಲ ನಿಮಿಷದಲ್ಲೇ ಬಿತ್ತು. ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರೆ ಕೊನೆಯ ಆರು ಅಂಕೆ ಸೊನ್ನೆಯಾಗಿ ಕೂತಿವೆ! 15 ಅಂಕೆ ದಾಟಿದರೆ ಅಷ್ಟೇ ಗತಿ. ಹಾಗಾಗಿ ಆ ದೊಡ್ಡ ಸಂಖ್ಯೆಯ ತಂಟೆಗೇ ಹೋಗಲಿಲ್ಲ. ಅದನ್ನು ಭಾಗಿಸುವ ಸಂಖ್ಯೆ 134 × ಕ + 1 ರೂಪದಲ್ಲೇ ಇರಬೇಕು (ಕ ಒಂದು ಪೂರ್ಣಾಂಕ). ಅಂಥವನ್ನು ಮಾತ್ರ ಸಾಲಾಗಿ ಇಳಿಸಿದೆ. ಪ್ರತಿಯೊಂದರಿಂದಲೂ ಭಾಗಿಸಿದಾಗ 2ರ 33ನೇ ಘಾತದ ಶೇಷ, ಅದರ ವರ್ಗ, ಅದರ ಎರಡರಷ್ಟು, ಮತ್ತೆ ಶೇಷ. ಅದೇ 2ರ 67ನೇ ಘಾತದ ಶೇಷ. ಕೊನೆಗೆ 1 ಬಂದರೆ ಗೆದ್ದ ಹಾಗೆ.

ಸ್ಪ್ರೆಡ್‌ಶೀಟಿನ ಎಲ್ಲ 10,48,576 ಸಾಲೂ ತುಂಬಿತು. ಪರೀಕ್ಷಿಸುವ ಸಂಖ್ಯೆ 14 ಕೋಟಿ ತಲುಪುವಷ್ಟರಲ್ಲಿ ಜಾಗ ಮುಗಿಯಿತು. ಏನೂ ಸಿಗಲಿಲ್ಲ.

ಸೂತ್ರದಲ್ಲೇ ತಪ್ಪಿರಬಹುದಾ ಅಂತ 2ರ 29ನೇ ಘಾತದಲ್ಲಿ ಒಂದು ಕಡಿಮೆ ಇರುವ ಸಂಖ್ಯೆಗೆ ಹಾಕಿ ನೋಡಿದೆ. ಅದರ ಅಪವರ್ತನಗಳಾದ 233, 1103, 2089 ಮೂರೂ ಬಂದವು. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲಿ 67ನೇ ಘಾತದ ಈ ಸಂಖ್ಯೆಯನ್ನು ಅವಿಭಾಜ್ಯದ ಪಟ್ಟಿಗೆ ಸೇರಿಸಿದ್ದರೂ, ಅದು ಒಡೆಯುತ್ತದೆ ಅಂತ ಗಣಿತಜ್ಞ ಲ್ಯೂಕಾ 1876ರಲ್ಲೇ ತೋರಿಸಿದ್ದರು. ಹಾಗಾಗಿ ಅಪವರ್ತನ ಎಲ್ಲೋ ಇರಲೇಬೇಕು.

ಎಂಟರ ಶೇಷದ ನಿಯಮ ಮರೆತಿದ್ದೆ! ಇಂಥ ಅಪವರ್ತನವನ್ನು ಎಂಟರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರುತ್ತೆ. ನಾಲ್ಕರಿಂದ ಭಾಗಿಸಿದಾಗ ಶೇಷ 0 ಅಥವಾ 1 ಬರುವ ಕ ಮಾತ್ರ ಸಾಕು. ಸಾಲು ಅರ್ಧಕ್ಕರ್ಧ ಉಳಿಯಿತು. ಇನ್ನೊಂದು ಭಯ ಇತ್ತು. ಒಂಬತ್ತೂವರೆ ಕೋಟಿ ದಾಟಿದ ಮೇಲೆ ವರ್ಗವು 2ರ 53ನೇ ಘಾತವನ್ನೂ ಮೀರಬಹುದು; ಅದನ್ನು ದಾಟಿದರೆ ಸ್ಪ್ರೆಡ್‌ಶೀಟಿನ ಲೆಕ್ಕ ಕರಾರುವಾಕ್ಕಾಗಿರುತ್ತೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಶೇಷವನ್ನು ಎರಡು ತುಂಡು ಮಾಡಿ ಗುಣಿಸಿದೆ. ಎಲ್ಲವನ್ನೂ ಒಂದೇ ಕಾಲಮ್ಮಿಗೆ ಹೇಗೆ ತುರುಕಿದೆ ಅಂತ ಮಾತ್ರ ಹೇಳಲ್ಲ. ನೀವೂ ಸ್ವಲ್ಪ ತಲೆ ಕೆಡಿಸಿಕೊಳ್ಳಿ.

ಲ್ಯಾಪ್‌ಟಾಪ್ ಮೂರು ಸಲ ಹ್ಯಾಂಗ್ ಆಯಿತು. ರ‍್ಯಾಮ್‌ಗೆ 2,800 ರೂಪಾಯಿಯೋ ಏನೋ ಹೋಯಿತು. ಮನೆಯಲ್ಲಿ ಕೇಳಿದಾಗ ಹಬ್ಬದ ಆಫರ್ ಅಂದೆ.

ಒಂದು ಬೆಳಗ್ಗೆ, 7 ಲಕ್ಷ 22 ಸಾವಿರದ ಆಸುಪಾಸಿನ ಸಾಲಿನಲ್ಲಿ 1 ಕಂಡಿತು. ಕ = 1445580, ಸಂಖ್ಯೆ 193707721. ಅದರ ಜೊತೆಗಾರ ಅಪವರ್ತನ 761838257287. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಈ ಎರಡನ್ನೂ ಬೋರ್ಡಿನ ಮೇಲೆ ಗುಣಿಸಿ ತೋರಿಸಿದ್ದರು. ನಾನೂ ಕಾಗದದ ಮೇಲೆ ಕೈಯಲ್ಲೇ ಗುಣಿಸಿದೆ. ಅರ್ಧ ಗಂಟೆ ಹಿಡಿಯಿತು. ಮೊದಲ ಸಲ ದಶಕ ಬಿಟ್ಟು ತಪ್ಪಾಯಿತು.

ಅದೇ ಹುಮ್ಮಸ್ಸಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ ಗುಣಿಸಿದ 13 ಅಂಕೆಯ ಜೋಡಿಯನ್ನೂ ಹಿಡಿದೆ. ಅವರಿಗೆ 28 ಸೆಕೆಂಡು. ನನಗೆ ಮುಕ್ಕಾಲು ಗಂಟೆ, ಜೊತೆಗೆ ಎರಡು ತಪ್ಪು.

ಆಮೇಲೆ ಸುಮ್ನೆ ಆ ಸಾಲನ್ನು ಮತ್ತೆ ನೋಡಿದೆ. 33ನೇ ಘಾತದ ಶೇಷ 66794868. ಅದರ ವರ್ಗದ ಎರಡರಷ್ಟು 8923108782274848. 2ರ 53ನೇ ಘಾತ 9007199254740992. ಕೂದಲೆಳೆಯಲ್ಲಿ ಒಳಗಿದೆ! ತುಂಡು ಮಾಡದೇ ಇದ್ದಿದ್ದರೂ ಈ ಸಾಲು ಸಿಗುತ್ತಿತ್ತು. ಪೈಥಾನ್ ಗೆಳೆಯನಿಗೆ ಇದನ್ನಿನ್ನೂ ಹೇಳಿಲ್ಲ.