ಸೋರಿಕೆ ನಿಲ್ಲಲಿಲ್ಲ, ಕಂಪ್ಲೇಂಟ್ ಮಾತ್ರ ಕ್ಲೋಸ್ ಆಗ್ತಾ ಇತ್ತು: ನನ್ನ ಅನುಭವ

ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತೇವ ಕಾಣಿಸಿಕೊಂಡಿತು. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಒಳಗಿಂದ ಬಿಳಿ ಉಪ್ಪಿನಂಥ ಪುಡಿ ಉದುರುತ್ತಿತ್ತು. ಮನೆ ರಿಪೇರಿ ಮಾಡುವ ಕಂಪನಿಯೊಂದಕ್ಕೆ ಹೇಳಿದೆ. ಬಂದವರು ಗೋಡೆ ಕೆರೆದು, ಪುಟ್ಟಿ ಮೆತ್ತಿ, ತೇವ ತಡೆಯುವ ಬಣ್ಣ ಅಂತ ಒಂದನ್ನು ಬಳಿದರು. ಕೆಲಸ ಮುಗೀತು ಅಂತ ಓಟಿಪಿ ಕೇಳಿ ಪಡೆದುಕೊಂಡು ಹೋದರು. ಗೋಡೆ ಮತ್ತೆ ಉಬ್ಬಿತು.

ಆಮೇಲೆ ಶುರುವಾಯಿತು ಕಸ್ಟಮರ್ ಕೇರ್ ಕಥೆ. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊದಲಿಂದ ವಿವರಣೆ. "ನಮ್ಮವರು ಕರೆ ಮಾಡ್ತಾರೆ" ಅನ್ನುತ್ತಿದ್ದರು. ಯಾರೂ ಮಾಡುತ್ತಿರಲಿಲ್ಲ. ಮನೆಯಲ್ಲೇ ಕಾದು ಕೂತ ದಿನವೇ "ಗ್ರಾಹಕರು ಲಭ್ಯವಿಲ್ಲ" ಎಂದು ಕಂಪ್ಲೇಂಟ್ ಕ್ಲೋಸ್ ಆದ ಮೆಸೇಜ್ ಬಂತು. ಅದನ್ನು ಓದಿದಾಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಂದ ಹುಡುಗರ ಮೇಲೆ ನನಗೆ ಬೇಸರವಿಲ್ಲ. ಅವರ ಕೈಗೆ ಕೊಟ್ಟ ಕೆಲಸದ ಚೀಟಿಯಲ್ಲಿ ಇದ್ದಿದ್ದೇ "ಗೋಡೆಗೆ ಬಣ್ಣ" ಅಂತ. ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕುವುದು ಯಾರ ಕೆಲಸವೂ ಆಗಿರಲಿಲ್ಲ.

ಬಣ್ಣದಿಂದ ಇದು ಯಾಕೆ ನಿಲ್ಲೋದಿಲ್ಲ ಅಂದರೆ, ಇಟ್ಟಿಗೆ, ಗಾರೆಯೊಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಹರಿದು ಮೇಲಕ್ಕೂ ಏರುತ್ತದೆ. ಬರುವಾಗ ಗೋಡೆಯಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಮೇಲ್ಮೈಯಲ್ಲಿ ನೀರು ಆರಿ, ಲವಣ ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಮೂಲ ನಿಲ್ಲಿಸದೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದು ಏಳಲೇಬೇಕು.

ಹಾಗಾಗಿ ಮೂಲ ಹುಡುಕುವುದನ್ನು ನಾನೇ ಮಾಡಿದೆ. ಮೊದಲು ಗೋಡೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಬಿಟ್ಟೆ. ಹೊರಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಹಿಂಬದಿಯಲ್ಲಿ ಕಟ್ಟಿದರೆ ಗೋಡೆಯೊಳಗಿನದು. ನನ್ನದು ಹಿಂಬದಿಯಲ್ಲೇ ಕಟ್ಟಿತ್ತು. ಆಮೇಲೆ ಟ್ಯಾಂಕಿಗೆ ನೀರು ಬರುವ ವಾಲ್ವ್, ಮನೆಯ ನಲ್ಲಿಗಳು ಎಲ್ಲ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆ ನೀರು ಅಲ್ಲೇ ಇತ್ತು. ಅಂದರೆ ನಲ್ಲಿ ಪೈಪುಗಳು ಸರಿಯಾಗಿವೆ.

ಉಳಿದದ್ದು ಬಾತ್‌ರೂಮಿನ ನೆಲ ಮತ್ತು ನೀರು ಹೊರಹೋಗುವ ಪೈಪು. ಇವೆರಡರಲ್ಲಿ ಯಾವುದು ಅಂತ ಬೇರೆ ಬೇರೆ ನೋಡಬೇಕು, ಇಲ್ಲದಿದ್ದರೆ ಸುಮ್ನೆ ಎಲ್ಲವನ್ನೂ ಒಡೆಸಬೇಕಾಗುತ್ತದೆ. ನೀರು ಹೋಗುವ ಬಾಯಿ ಬಿಗಿಯಾಗಿ ಮುಚ್ಚಿ, ಹೊಸ್ತಿಲಿಗಿಂತ ಕೆಳಗೇ ಇರುವಂತೆ ನೆಲದ ಮೇಲೆ ನೀರು ನಿಲ್ಲಿಸಿದೆ. ಟೈಲ್ಸಿನ ಮೇಲೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಟ್ಟೆ. ಪಕ್ಕದಲ್ಲೇ ಅಗಲ ಬೋಗುಣಿಯಲ್ಲಿ ಅಷ್ಟೇ ಎತ್ತರ ನೀರಿಟ್ಟೆ, ಆವಿಯಾಗಿ ಹೋಗಿದ್ದೆಷ್ಟು ಅಂತ ಗೊತ್ತಾಗಲಿ ಅಂತ. ಬೋಗುಣಿಯ ನೀರು ಹೆಚ್ಚು ಕಡಿಮೆ ಹಾಗೇ ಇತ್ತು, ನೆಲದ ನೀರು ಗೆರೆಯಿಂದ ಚೆನ್ನಾಗಿ ಕೆಳಗಿಳಿದಿತ್ತು. (ಕೆಳಗೆ ಬೇರೆಯವರ ಮನೆ ಇದ್ದರೆ ಅವರಿಗೆ ಹೇಳಿಯೇ ಮಾಡಿ.) ನೆಲ ಪೂರ್ತಿ ಒಣಗಿದ ಮೇಲೆ, ನೆಲ ನೆನೆಯದಂತೆ ಟ್ಯೂಬಿನಿಂದ ನೇರ ಪೈಪಿನೊಳಕ್ಕೆ ನೀರು ಬಿಟ್ಟೆ. ಗೋಡೆಯ ಕಲೆ ಬೆಳೆಯಲಿಲ್ಲ. ಪೈಪೂ ಅಲ್ಲ, ನೆಲವೇ.

ಇನ್ನು ಫೋನ್ ಬೇಡ ಅಂತ ತೀರ್ಮಾನಿಸಿ ಒಂದು ಇಮೇಲ್ ಬರೆದೆ. ಹಳೆಯ ಕಂಪ್ಲೇಂಟ್ ನಂಬರುಗಳು, ದಿನಾಂಕವಿರುವ ಫೋಟೋಗಳು, ಯಾವ ಪರೀಕ್ಷೆಯಲ್ಲಿ ಏನು ಕಂಡಿತು ಅನ್ನುವುದು. ಕೊನೆಗೆ ಒಂದೇ ಷರತ್ತು: ರಿಪೇರಿ ಆದ ಮೇಲೆ, ಟೈಲ್ಸ್ ಕೂರಿಸುವ ಮುಂಚೆ, ನನ್ನೆದುರು 24 ಗಂಟೆ ನೀರು ನಿಲ್ಲಿಸಿ ತೋರಿಸಬೇಕು. ಅಲ್ಲಿವರೆಗೆ ಓಟಿಪಿ ಇಲ್ಲ, ಬಾಕಿ ಹಣವೂ ಇಲ್ಲ.

ಈ ಸಲ ಸೂಪರ್‌ವೈಸರ್ ತಾವೇ ಬಂದರು. ನೆಲಕ್ಕೆ ಕೂತು, ನೆಲವೂ ಗೋಡೆಯೂ ಸೇರುವ ಮೂಲೆಯಲ್ಲಿ ಉಗುರು ಎಳೆದರು. ಟೈಲ್ಸ್ ನಡುವಿನ ಗ್ರೌಟ್ ಮೆತ್ತಗೆ ಕಿತ್ತು ಬಂತು. ಒಳಗೆ ಸಣ್ಣದೊಂದು ಸಂದು. ಅಲ್ಲೊಂದು ಸಣ್ಣ ಮೊಳೆ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. "ಇದೇ ನೋಡಿ" ಅಂದರು. ಇಷ್ಟು ನೋಡೋಕೆ ಮೊದಲ ದಿನವೇ ಆಗ್ತಿತ್ತು ಅಲ್ವಾ? ಅದನ್ನು ಅವರಿಗೂ ಹೇಳಿದೆ.

ಮೂಲೆಯುದ್ದಕ್ಕೂ ಟೈಲ್ಸ್ ತೆಗೆದು, ವಾಟರ್‌ಪ್ರೂಫಿಂಗ್ ಅನ್ನು ನೆಲದಿಂದ ಗೋಡೆಗೂ ಹತ್ತಿಸಿ ಎರಡು ಕೋಟ್ ಹಾಕಿದರು. ನೀರು ನಿಲ್ಲಿಸಿದೆವು. ಗೆರೆ ತಪ್ಪಲಿಲ್ಲ. ಟೈಲ್ಸ್ ಕೂರಿಸಿದ ಕೂಡಲೇ ಆಚೆ ಗೋಡೆಗೂ ಬಣ್ಣ ಹೊಡೆದುಬಿಡ್ತೀವಿ ಅಂದರು, ನಾನು ಒಪ್ಪಲಿಲ್ಲ. ಒಳಗೆ ಕುಡಿದ ನೀರು ಆರೋಕೆ ವಾರಗಟ್ಟಲೆ ಬೇಕು. ಅದೇ ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿ, ಹಿಂಬದಿ ಒಣಗಿರುವುದನ್ನು ನೋಡಿಕೊಂಡೇ ಬಣ್ಣಕ್ಕೆ ಕರೆದೆ.

ಮೊದಲ ಸಲದ ಬಣ್ಣಕ್ಕೆ ತೆಗೆದುಕೊಂಡಿದ್ದ ಕೂಲಿಯನ್ನು ಹೊಸ ಬಿಲ್ಲಿನಲ್ಲಿ ಕಳೆದರು, ಸಾಮಾನಿನ ಹಣವನ್ನು ಕಳೆಯಲಿಲ್ಲ. ಅದು ನ್ಯಾಯ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅದಕ್ಕೂ ಬರೆದು ಹಾಕಿದ್ದೇನೆ, ಆ ಕಂಪ್ಲೇಂಟನ್ನು ಕ್ಲೋಸ್ ಮಾಡಲು ಬಿಟ್ಟಿಲ್ಲ.