ಬೀಗರು ಹೌಗೆನ್ ಮನೆಯವರಂತೆ: ನಾರ್ವೆಯ ಹೆಸರಿನ ಬೇರು ಹುಡುಕುವ ಬಗೆ

ಮಗಳ ಮದುವೆ ಗೊತ್ತಾಯಿತು ಅಂತ ಹೇಳಲು ತಿಪಟೂರಿಗೆ ಫೋನ್ ಮಾಡಿದಾಗ ಅತ್ತೆ ಕೇಳಿದ ಮೊದಲ ಮಾತು, "ಹುಡುಗನ ಕಡೆಯವರು ಯಾವ ಊರಿನವರು?" ಇಲ್ಲೇ ಅಮೆರಿಕದ ಮಿನೆಸೋಟಾದವರು ಅಂದೆ. "ಅದು ನೀವಿರೋ ಊರು ಕಣೇ. ಅವರ ಮೂಲ ಎಲ್ಲೀದು ಅಂತ ಕೇಳ್ತಿರೋದು." ನಾರ್ವೆ ಕಡೆಯವರಂತೆ, ಹೆಸರು ಹೌಗೆನ್ ಅಂದೆ. "ಹೌಗೆನ್ ಅಂದ್ರೆ ಊರಾ, ಕುಲಾನಾ?" ನನಗೂ ಗೊತ್ತಿರಲಿಲ್ಲ. ಬೀಗಿತ್ತಿಯನ್ನು ಕೇಳಿದರೆ ಗೋಡೆಗೆ ತೂಗುಹಾಕಿದ್ದ ಒಂದು ಲಾಂಛನ ತೋರಿಸಿದರು. ಸಿಂಹ, ಗುರಾಣಿ, ಕೆಳಗೆ ಹೌಗೆನ್ ಅಂತ ಚಿನ್ನದ ಅಕ್ಷರ. ಯಾವುದೋ ಮೇಳದಲ್ಲಿ ಕೊಂಡದ್ದಂತೆ.

ಆ ಸಿಂಹವನ್ನು ಮಾತ್ರ ನಂಬಬೇಡಿ. ನಾರ್ವೆಯ ರೈತಾಪಿ ಮನೆಗಳಲ್ಲಿ ಲಾಂಛನ ಇಟ್ಟುಕೊಂಡವರು ತೀರ ಕಡಿಮೆ. ಒಂದೇ ಹೆಸರಿನ ಎಲ್ಲರಿಗೂ ಸೇರಿಸಿ ಒಂದು ಲಾಂಛನ ಎಂಬುದಂತೂ ಮಾರುವವರ ಕಲ್ಪನೆ.

ಹೆಸರಿನ ಅರ್ಥ ಸರಳ. ಹಳೆಯ ನಾರ್ಸ್ ಭಾಷೆಯ 'ಹೌಗರ್' ಅಂದರೆ ದಿಬ್ಬ. ಈಗಿನ ನಾರ್ವೇಜಿಯನ್‌ನಲ್ಲಿ ಅದೇ 'ಹೌಗ್'. ಕೊನೆಗೆ ಸೇರಿದ 'ಎನ್' ನಮ್ಮ 'ಆ' ಇದ್ದ ಹಾಗೆ, ಗೊತ್ತಿರುವ ಒಂದನ್ನು ಬೊಟ್ಟು ಮಾಡಿ ತೋರಿಸುತ್ತದೆ. ಒಟ್ಟಿನಲ್ಲಿ, 'ಆ ದಿಬ್ಬ'. ಉತ್ತರ ಕರ್ನಾಟಕದಲ್ಲಿ ಗುಡ್ಡದ, ದಿಬ್ಬದ ಅಂತ ಅಡ್ಡಹೆಸರು ಇರುವವರು ಈ ಬೀಗರನ್ನು ಅಣ್ಣತಮ್ಮಂದಿರು ಅಂದರೂ ತಪ್ಪಿಲ್ಲ. ಸತ್ತವರನ್ನು ಹೂತು ಮೇಲೆ ಮಣ್ಣೇರಿಸಿದ ಗುಡ್ಡೆಗೂ ಹೌಗ್ ಅಂತಲೇ ಹೆಸರು. ವೆಸ್ಟ್‌ಫೋಲ್ಡ್‌ನ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದಾಗ ಇಡೀ ಹಡಗೊಂದು ಸಿಕ್ಕಿದ್ದು ಅಂಥದೇ ದಿಬ್ಬದೊಳಗೆ. ಹಾಗಂತ ಬೀಗರನ್ನು ವೈಕಿಂಗ್ ರಾಜರ ಸಂತಾನ ಮಾಡಲು ಹೋಗಬೇಡಿ. ಎಷ್ಟೋ ಕಡೆ ಅದು ಹೊಲದ ನಡುವಿನ ಒಂದು ಏರು, ಅಷ್ಟೇ.

ಹುಡುಕುವ ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಹಳೆಯ ನಾರ್ವೆಯ ಹಳ್ಳಿಗಳಲ್ಲಿ ಇದು ಮನೆತನದ ಹೆಸರಲ್ಲ, ವಿಳಾಸ. ಇದು ನನಗೆ ಬೇಗ ಅರ್ಥವಾಗಿದ್ದು ನನ್ನ ಇನಿಷಿಯಲ್‌ಗಳಿಂದ. ನನ್ನ ಹೆಸರಿನ ಮುಂದಿರುವ 'ಟಿ' ತಿಪಟೂರು, 'ಎಸ್' ನಮ್ಮಪ್ಪ. ಅವರದೂ ಇದೇ ಲೆಕ್ಕ, ಸಾಲು ಮಾತ್ರ ತಿರುವುಮುರುವು. ಊಲೆ ಹಾನ್ಸೆನ್ ಹೌಗೆನ್ ಅಂದರೆ ಹೆಸರು ಊಲೆ, ಅಪ್ಪ ಹಾನ್ಸ್, ಇರುವುದು ದಿಬ್ಬದ ಹೊಲದಲ್ಲಿ. ಊಲೆಯ ತಂಗಿ ಹಾನ್ಸ್‌ದಾತ್ತರ್, ಅಂದರೆ ಹಾನ್ಸನ ಮಗಳು. ಊಲೆಯ ಮಗ ಹಾನ್ಸೆನ್ ಅಲ್ಲ, ಊಲ್ಸೆನ್. ಊಲೆ ಬೇರೆ ಹೊಲಕ್ಕೆ ಹೋದನೋ, ಹೌಗೆನ್ ಕಳಚಿ ಆ ಹೊಲದ ಹೆಸರು ಸೇರುತ್ತದೆ. ಹೆಂಡತಿಯ ಮನೆಗೆ ಮನೆಯಳಿಯನಾಗಿ ಹೋದ ಗಂಡನಿಗೂ ಆ ಹೊಲದ ಹೆಸರೇ ಬರುತ್ತಿತ್ತು. (ಇದನ್ನು ಹೇಳಿದಾಗ ನಮ್ಮ ಯಜಮಾನರು ಪತ್ರಿಕೆಯಿಂದ ತಲೆ ಎತ್ತಲೇ ಇಲ್ಲ.) ಎಲ್ಲರಿಗೂ ತಲೆಮಾರಿನಿಂದ ತಲೆಮಾರಿಗೆ ಉಳಿಯುವ ಒಂದು ಹೆಸರು ಇರಲೇಬೇಕು ಅಂತ ಕಾನೂನು ಬಂದದ್ದು 1923ರಲ್ಲಿ.

ಆದ್ದರಿಂದ ಬೀಗರ ಮನೆಗೆ ಹೋದಾಗ "ಹೌಗೆನ್ ಎಲ್ಲಿಂದ ಬಂತು" ಅಂತ ಕೇಳಬೇಡಿ. ಅಮೆರಿಕಕ್ಕೆ ಹಡಗು ಹತ್ತಿದ ಅಜ್ಜನ ಸ್ವಂತ ಹೆಸರು, ಅವನಪ್ಪನ ಹೆಸರು, ಹುಟ್ಟಿದ ವರ್ಷ, ಅಲ್ಲಿನ ಚರ್ಚಿನ ಊರು, ಈ ನಾಲ್ಕನ್ನು ಕೇಳಿ. ಹಳೆಯ ಬೈಬಲ್‌ನ ಮೊದಲ ಹಾಳೆ, ಸಮಾಧಿಯ ಕಲ್ಲು, ಇಲ್ಲಿನ ಲೂಥರನ್ ಚರ್ಚಿನ ದಾಖಲೆ, ಇವುಗಳಲ್ಲಿ ಏನಾದರೂ ಸಿಕ್ಕೀತು. ನಮಗೆ ಸಿಕ್ಕಿದ್ದು ಬೈಬಲ್‌ನಲ್ಲಿ, ಮಾಸಿದ ಶಾಯಿಯಲ್ಲಿ: ರಿಂಗೆಬು. ಅದು ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯ ಊರು. ಬೀಗಿತ್ತಿ ಇಷ್ಟು ವರ್ಷ ಅದನ್ನು ಯಾರದೋ ಅಜ್ಜಿಯ ಹೆಸರು ಅಂದುಕೊಂಡಿದ್ದರು.

ಆಮೇಲೆ ಡಿಜಿಟಾಲಾರ್ಕಿವೆಟ್‌ಗೆ ಹೋಗಿ. ಅದು ನಾರ್ವೆ ಸರ್ಕಾರಿ ಪತ್ರಾಗಾರದ ಜಾಲತಾಣ, ಕಾಸು ಕೊಡಬೇಕಿಲ್ಲ, ಇಂಗ್ಲಿಷ್‌ನಲ್ಲೂ ನೋಡಬಹುದು. ಮೊದಲ ದಿನ ನಾನು ಮಾಡಿದ ತಪ್ಪು ಹೌಗೆನ್ ಅಂತ ಟೈಪ್ ಮಾಡಿದ್ದು. ಪಟ್ಟಿ ಮುಗಿಯಲೇ ಇಲ್ಲ. ಹೊಲದ ಹೆಸರನ್ನು ಬಿಟ್ಟುಬಿಡಿ. ಸ್ವಂತ ಹೆಸರು, ಅಪ್ಪನ ಹೆಸರು, ಹುಟ್ಟಿದ ವರ್ಷ, ಊರು ಹಾಕಿ 1865, 1875, 1900, 1910ರ ಜನಗಣತಿಗಳಲ್ಲಿ ಹುಡುಕಿ. 1910ರದ್ದರಲ್ಲಿ ಹುಟ್ಟಿದ ದಿನಾಂಕವೇ ಇರುತ್ತದೆ. 1865 ಮತ್ತು 1875ರವು ನನಗೆ ಇನ್ನೂ ಇಷ್ಟ: ಯಾರ ಮನೆಯಲ್ಲಿ ಎಷ್ಟು ದನ, ಎಷ್ಟು ಕುರಿ, ಎಷ್ಟು ಆಲೂಗಡ್ಡೆ ಬಿತ್ತಿದ್ದರು ಎಂಬುದನ್ನೂ ಬರೆದಿದ್ದಾರೆ.

ಹೊಲದ ಹೆಸರು ಹಾಕಲೇಬೇಕಾದರೆ ಕಾಗುಣಿತಕ್ಕೆ ಜೋತುಬೀಳಬೇಡಿ. 1814ರವರೆಗೆ ನಾರ್ವೆ ಡೆನ್ಮಾರ್ಕಿನ ಕೈಯಲ್ಲಿತ್ತು, ಪಾದ್ರಿಗಳು ಬರೆಯುತ್ತಿದ್ದದ್ದು ಡ್ಯಾನಿಶ್. ಅದಾದ ಮೇಲೂ ಬಹುಕಾಲ ಆ ಅಭ್ಯಾಸ ಉಳಿಯಿತು. ಹಾಗಾಗಿ ಹೌಗ್ (Haug) ಕೆಲವು ಕಡೆ 'ಎ' ಬದಲು 'ಓ' ಹಾಕಿಸಿಕೊಂಡು Houg ಆಗಿರುತ್ತದೆ. ಹೌಗೆನ್‌ನಲ್ಲಿ (Haugen) 'ಯು' ಅಕ್ಷರ ಬಿಟ್ಟು ಓದಿದರೆ ಹಾಗೆನ್ (Hagen) ಆಗಿಬಿಡುತ್ತದೆ. ಅದು ಬೇಲಿ ಹಾಕಿದ ತೋಟದಿಂದ ಬಂದ ಬೇರೆಯೇ ಹೆಸರು, ಅಷ್ಟೇ ಜನಪ್ರಿಯ ಕೂಡ. ನಾನು ಒಂದು ವಾರ ಯಾರದೋ ತೋಟದಲ್ಲಿ ಸುತ್ತಿದ್ದೆ. ಪಶ್ಚಿಮದ ಹೌಗೆ, ಟ್ರೊಂಡೆಲಾಗ್ ಕಡೆಯ ಹೌಗಾನ್, ಬರೀ ಹೌಗ್, ಇವೆಲ್ಲ ಮಾತ್ರ ದಿಬ್ಬದವೇ. ಊರೂರು ಸುತ್ತಿ ಬೋಧಿಸಿದ ಹಾನ್ಸ್ ನೀಲ್ಸೆನ್ ಹೌಗೆ (1771–1824) ಹೌಗೆ ಎಂಬ ಹೊಲದ ಮನೆಯಲ್ಲಿ ಹುಟ್ಟಿದ ನೀಲ್ಸನ ಮಗ. ಹೆಸರಲ್ಲೇ ಜಾತಕ ಇದೆ. ಇನ್ನೊಂದು, ಹೊರಟ ಬಂದರು ಕ್ರಿಸ್ಟಿಯಾನಿಯಾ ಅಂತ ಕಂಡರೆ ಗಾಬರಿಯಾಗಬೇಡಿ. ಅದೇ ಓಸ್ಲೊ, ಹೆಸರು ಬದಲಾದದ್ದು 1925ರಲ್ಲಿ.

ಊರು ಸಿಕ್ಕಿದ ಮೇಲೆ ಹೊಲ. ಉಲುಫ್ ರಿಗ್ ಎಂಬ ವಿದ್ವಾಂಸರು ದೇಶದ ಹೊಲಮನೆಗಳ ಹೆಸರನ್ನು ಊರುವಾರು ಜೋಡಿಸಿ, ಹಳೆಯ ರೂಪ, ಅರ್ಥ ಎಲ್ಲ ಬರೆದಿಟ್ಟಿದ್ದಾರೆ. ಆ ಸಂಪುಟಗಳು 1897ರಿಂದ ಬರತೊಡಗಿದವು, ಈಗ ಅಂತರ್ಜಾಲದಲ್ಲೇ ಹುಡುಕಬಹುದು. ಅದರಲ್ಲಿ ನಿಮ್ಮ ಹೌಗೆನ್ ಕಾಣದಿದ್ದರೆ ಅದೂ ಒಂದು ಉತ್ತರವೇ: ಬಹುಶಃ ಅದು ಸ್ವಂತ ಹೊಲವಲ್ಲ, ದೊಡ್ಡ ಹೊಲದ ಅಂಚಿನ ಒಕ್ಕಲು ಮನೆ. ಹೂಸ್‌ಮನ್ ಅನ್ನುತ್ತಿದ್ದರು ಅವರನ್ನು. ಇರಲು ಗುಡಿಸಲು, ಚೂರು ನೆಲ. ಬದಲಿಗೆ ಧಣಿಯ ಹೊಲದಲ್ಲಿ ದುಡಿತ. ನಮ್ಮ ಬೀಗರದು ಅದೇ ಆಗಿತ್ತು. ಅಂಥವರ ಸುದ್ದಿಗೆ ಆಯಾ ಸೀಮೆಯ ಬಿಗ್ಡೆಬೋಕ್ ನೋಡಬೇಕು. ಹೊಲದಿಂದ ಹೊಲಕ್ಕೆ ಯಾರು ಯಾವಾಗ ಇದ್ದರು ಅಂತ ಬರೆದ ಊರ ಚರಿತ್ರೆ ಅದು. ನಾರ್ವೇಜಿಯನ್‌ನಲ್ಲೇ ಇರುತ್ತದೆ, ಅಳಿಯನ ಕೈಗೆ ಫೋನ್ ಕೊಟ್ಟು ಅನುವಾದ ಮಾಡಿಸಿಕೊಳ್ಳಿ.

ಎಷ್ಟು ಜನ ಇದ್ದಾರೆ ಅನ್ನುವುದಕ್ಕೆ ನಾರ್ವೆಯ ಅಂಕಿಅಂಶ ಇಲಾಖೆಯ ತಾಣದಲ್ಲಿ ಹೆಸರು ಹಾಕಿದರೆ ಸಾಕು. ಹಾನ್ಸೆನ್, ಯೊಹಾನ್ಸೆನ್, ಊಲ್ಸೆನ್ ಮುಂದಿವೆ, ಒಂದೊಂದೂ ಐವತ್ತು ಸಾವಿರದ ಆಸುಪಾಸು. ಹೌಗೆನ್ ಹತ್ತು ಸಾವಿರ ದಾಟುತ್ತದೆ, 'ಸೆನ್' ಇಲ್ಲದ ಹೆಸರುಗಳಲ್ಲಿ ಬರ್ಗ್, ಹಾಗೆನ್ ಜೊತೆ ಮೇಲಿನ ಸಾಲಿನಲ್ಲಿದೆ. ಆದರೆ ಅಷ್ಟೂ ಜನ ನೆಂಟರಲ್ಲ. ದಿಬ್ಬ ಇಲ್ಲದ ಊರುಂಟೆ? ಭಾಷಾವಿಜ್ಞಾನಿ ಐನರ್ ಹೌಗೆನ್ ಅವರ ತಂದೆತಾಯಿ ಒಪ್‌ಡಾಲ್‌ನಿಂದ ಅಮೆರಿಕಕ್ಕೆ ಬಂದವರು. ಸ್ಕೀ ಜಿಗಿತದ ಆಂಡರ್ಸ್ ಹೌಗೆನ್ ಟೆಲೆಮಾರ್ಕ್‌ನ ಬೂ ಎಂಬಲ್ಲಿ ಹುಟ್ಟಿ 1909ರಲ್ಲಿ ಬಂದವರು. ಹೆಸರು ಒಂದೇ, ದಿಬ್ಬ ಬೇರೆ ಬೇರೆ.

ಆಂಡರ್ಸ್ ಕಥೆ ಹೇಳದೆ ಬಿಡಲಾರೆ. 1924ರ ಶಾಮೊನಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಜಿಗಿದು ನಾಲ್ಕನೆಯವರಾದರು. ಕಂಚು ಹೋದದ್ದು ನಾರ್ವೆಯ ಥೋರ್ಲೈಫ್ ಹೌಗ್ ಎಂಬವರಿಗೆ. ಆ ಮನುಷ್ಯನಿಗೆ ಅದೇ ಕೂಟದಲ್ಲಿ ಮೂರು ಚಿನ್ನ ಬೇರೆ ಬಂದಿತ್ತು. ಅಂಕ ಕೂಡಿಸುವಾಗ ತಪ್ಪಾಗಿತ್ತು ಅಂತ ಗೊತ್ತಾದದ್ದು ಐವತ್ತು ವರ್ಷದ ಮೇಲೆ. 1974ರಲ್ಲಿ, ಎಂಬತ್ತು ದಾಟಿದ್ದ ಹೌಗೆನ್‌ಗೆ, ಹೌಗ್ ಅವರ ಮಗಳು ತಾನೇ ಆ ಪದಕ ಕೊಟ್ಟಳು. ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ! ನಮ್ಮ ಅಳಿಯ ಈ ಕಥೆಯನ್ನು ಈಗ ಸ್ವಂತ ದೊಡ್ಡಪ್ಪನದು ಅನ್ನುವ ಹಾಗೆ ಎಲ್ಲರಿಗೂ ಹೇಳುತ್ತಾನೆ. ನಾನು ತಿದ್ದಲು ಹೋಗಿಲ್ಲ.

ಕೊನೆಗೆ ನಾರ್ವೆಯ ಸರ್ಕಾರಿ ನಕ್ಷೆ ತೆರೆದು ಆ ಧಣಿ ಹೊಲದ ನಂಬರ್ ಹಾಕಿ ಜಾಗ ನೋಡಿಕೊಂಡು, ಅತ್ತೆಗೆ ಫೋನ್ ಮಾಡಿದೆ. ಕುಲ ಅಲ್ಲ, ಊರೂ ಅಲ್ಲ ಅತ್ತೆ, ದಿಬ್ಬ ಅಂತೆ. ರಿಂಗೆಬು ಅನ್ನೋ ಊರಲ್ಲಿ ಒಕ್ಕಲು ಇದ್ದವರು, 1875ರ ಲೆಕ್ಕದಲ್ಲಿ ಒಂದು ಹಸು, ನಾಲ್ಕು ಕುರಿ ಅಂದೆ.

"ಮಕ್ಕಳೆಷ್ಟು?"

"ಏಳು."

ಸ್ವಲ್ಪ ಹೊತ್ತು ಆ ಕಡೆ ಸದ್ದಿರಲಿಲ್ಲ. "ಒಂದು ಹಸುವಿನ ಹಾಲಲ್ಲಿ ಏಳು ಮಕ್ಕಳು. ಅದಕ್ಕೇ ಹಡಗು ಹತ್ತಿದಾರೆ ಬಿಡು," ಅಂದರು. ಆಮೇಲೆ ಪೆನ್ನು ತರಿಸಿಕೊಂಡು, ಲಗ್ನಪತ್ರಿಕೆಗೆ ರಿಂಗೆಬು ಅಂತ ಹೇಗೆ ಬರೆಯೋದು, ಒಂದೊಂದೇ ಅಕ್ಷರ ಹೇಳು ಅಂದರು.