ಮೇಪಲ್ ಸಿರಪ್: ಎಲ್ಲಾ ಗ್ರೇಡ್ ಎ ಆದ್ರೆ ಕೊಳ್ಳೋದು ಯಾವುದು?

ಕೆನಡಾದ ಯಾವ ಗ್ರೋಸರಿ ಸ್ಟೋರಿಗೆ ಹೋದ್ರೂ ಮೇಪಲ್ ಸಿರಪ್ (ಮೇಪಲ್ ಮರದ ರಸ ಕುದಿಸಿ ಮಾಡೋ ಸಿಹಿ ಪಾಕ) ಶೆಲ್ಫ್ ಮುಂದೆ ಹೊಸಬರು ಸ್ವಲ್ಪ ಹೊತ್ತು ಕಕ್ಕಾಬಿಕ್ಕಿ ಆಗೇ ಆಗ್ತಾರೆ. ಎಲ್ಲಾ ಬಾಟಲಿ ಮೇಲೂ ಮೇಪಲ್ ಎಲೆ, ಮುಕ್ಕಾಲು ಪಾಲು ಬಾಟಲಿ ಮೇಲೆ ಗ್ರೇಡ್ ಎ, ಆದ್ರೆ ಒಂದು ತಿಳಿ ಹೊಂಬಣ್ಣ, ಪಕ್ಕದ್ದು ಕಡು ಕಂದು, ರೇಟ್ ನೋಡಿದ್ರೆ ಒಂದಕ್ಕೊಂದು ಸಂಬಂಧಾನೇ ಇಲ್ಲ. ಊರಿಗೆ ಹೋಗುವಾಗ ಯಾವುದು ತಗೊಂಡು ಹೋಗ್ಲಿ, ಮಕ್ಕಳ ಪ್ಯಾನ್‌ಕೇಕಿಗೆ ಯಾವುದು, ಕಪ್ಪಗಿರೋದು ಹಳೇ ಮಾಲಾ ಅಂತ ಮಾರ್ಚ್ ಬಂತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಶುರು ಆಗತ್ತೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದುಬಿಡೋಣ ಅಂತ ಕೂತಿದೀನಿ. ಚುಟುಕಾಗಿ ಹೇಳ್ಬೇಕು ಅಂದ್ರೆ ಬಣ್ಣದಿಂದ ಗೊತ್ತಾಗೋದು ರುಚಿ ಎಷ್ಟು ಗಾಢ ಅಂತ ಮಾತ್ರ, ಕ್ವಾಲಿಟಿ ಬೇರೇನೇ ವಿಷಯ, ಮತ್ತೆ ಆ ಕ್ವಾಲಿಟಿ ಬಗ್ಗೆ ಲೇಬಲ್ ಅರ್ಧ ಹೇಳತ್ತೆ, ಇನ್ನರ್ಧ ನಾಲಿಗೆ ಮೇಲೆ ಹಾಕ್ಕೊಂಡೇ ತಿಳೀಬೇಕು.

ಮೊದಲನೇ ಕೆಲಸ, ಅದು ನಿಜವಾಗ್ಲೂ ಮೇಪಲ್ಲಾ ಅಂತ ನೋಡಿ. ಟೇಬಲ್ ಸಿರಪ್, ಪ್ಯಾನ್‌ಕೇಕ್ ಸಿರಪ್ ಅಂತ ಮಾರೋ ಅಗ್ಗದ ಬಾಟಲಿಗಳು ಸಾಮಾನ್ಯವಾಗಿ ಕಾರ್ನ್ ಸಿರಪ್ಪಿಗೆ ಬಣ್ಣ, ಫ್ಲೇವರ್ ಸೇರಿಸಿದ್ದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜನ ಅದನ್ನ ಮರದಿಂದಲ್ಲ, ಕಂಬದಿಂದ ಇಳಿಸಿದ ಸಿರಪ್ಪು ಅಂತ ಗೇಲಿ ಮಾಡ್ತಾರೆ. ಇಂಗ್ರೀಡಿಯೆಂಟ್ಸ್ ಇರೋ ಜಾಗದಲ್ಲಿ ಮೇಪಲ್ ಸಿರಪ್ ಅಂತ ಒಂದೇ ಹೆಸರಿರ್ಬೇಕು, ಬೇರೆ ಏನಾದ್ರೂ ಕಂಡ್ರೆ ವಾಪಸ್ ಇಟ್ಬಿಡಿ. ಈ ನಕಲಿ ಫ್ಲೇವರಿಗೂ ನಮ್ಮ ಅಡುಗೆಮನೆಗೂ ಒಂದು ನಂಟಿದೆ ಗೊತ್ತಾ, ಮೆಂತ್ಯದಲ್ಲಿ ಸೊಟೊಲಾನ್ ಅಂತ ಒಂದು ಅಂಶ ಇದೆ, ಅದರ ವಾಸನೆ ಹೆಚ್ಚುಕಮ್ಮಿ ಮೇಪಲ್ಲಿಂದೇ, ಅದಕ್ಕೇ ಆರ್ಟಿಫಿಷಿಯಲ್ ಮೇಪಲ್ ಫ್ಲೇವರಿಗೆ ಮೆಂತ್ಯದ ಸಾರ ಬಳಸೋದುಂಟು. 2005ರಿಂದ ನ್ಯೂಯಾರ್ಕಲ್ಲಿ ಆಗಾಗ ಊರಿಗೆ ಊರೇ ಮೇಪಲ್ ಸಿರಪ್ ವಾಸನೆ ಹೊಡೆದು ಜನ ಗಾಬರಿಯಿಂದ ಫೋನ್ ಮಾಡ್ತಿದ್ರು, ಕೊನೆಗೆ 2009ರಲ್ಲಿ ಪತ್ತೆ ಆಯ್ತು, ನದಿ ಆಚೆ ನ್ಯೂಜೆರ್ಸಿಯ ಒಂದು ಫ್ಲೇವರ್ ಫ್ಯಾಕ್ಟರೀಲಿ ಮೆಂತ್ಯ ಬಳಸ್ತಿದ್ರಂತೆ. ಸೋ ನೀವು ಹುಳಿಪುಡಿಗೆ ಮೆಂತ್ಯ ಹುರಿಯೋ ದಿನ ಪಕ್ಕದ ಅಪಾರ್ಟ್‌ಮೆಂಟಿನೋರು ಇವತ್ತು ಪ್ಯಾನ್‌ಕೇಕಾ ಅಂತ ಕೇಳಿದ್ರೆ ತಪ್ಪು ತಿಳ್ಕೋಬೇಡಿ.

ಈಗ ಬಣ್ಣದ ವಿಷಯ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ಟೆಂಪರೇಚರ್ ಸೊನ್ನೆಗಿಂತ ಕೆಳಗಿಳಿದು ಹಗಲು ಮೇಲೇರೋ ದಿನಗಳಲ್ಲಿ, ಶುಗರ್ ಮೇಪಲ್ ಮರಕ್ಕೆ ಸಣ್ಣ ತೂತು ಕೊರೆದು ಸ್ಯಾಪ್, ಅಂದ್ರೆ ಮರದ ರಸ, ಇಳಿಸ್ತಾರೆ. ಆ ಸ್ಯಾಪ್ ನೀರಿನಷ್ಟೇ ತೆಳು, ಸಕ್ಕರೆ ನೂರಕ್ಕೆ 2 ಅಥವಾ 3 ಭಾಗ ಇದ್ರೆ ಹೆಚ್ಚು, ಹಂಗಾಗಿ 1 ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ಸ್ಯಾಪ್ ಕುದಿಸ್ಬೇಕು, ರೇಟ್ ಯಾಕೆ ಹಂಗಿದೆ ಅಂತ ಇಲ್ಲೇ ಗೊತ್ತಾಗತ್ತೆ. ಶುಗರ್ ಶ್ಯಾಕ್ ಒಳಗೆ ಕಾಲಿಟ್ರೆ ನಮ್ಮ ಕಡೆ ಆಲೆಮನೇನೇ, ಅದೇ ಹಬೆ, ಅದೇ ಒಲೆ, ನೊರೆ ಉಕ್ಕದಂಗೆ ಕಾಯ್ತಾ ನಿಂತಿರೋ ಅದೇ ಮನುಷ್ಯ, ಬೆಲ್ಲದ ಪಾಕ ನೋಡಿರೋರಿಗೆ ಒಂದೊಂದು ಬ್ಯಾಚೂ ಯಾಕೆ ಬೇರೆ ಬಣ್ಣ ಬರತ್ತೆ ಅಂತ ಬಿಡಿಸಿ ಹೇಳೋದೇ ಬೇಡ. ಮೇಪಲ್ ರುಚಿ ಅನ್ನೋದು ಸ್ಯಾಪಲ್ಲಿ ರೆಡಿಯಾಗಿ ಇರಲ್ಲ, ಕುದಿಯುವಾಗ ಹುಟ್ಟೋದು. ಸೀಸನ್ ಶುರುವಲ್ಲಿ ಸ್ಯಾಪಲ್ಲಿರೋದು ಹೆಚ್ಚಾಗಿ ಸುಕ್ರೋಸ್, ಕುದಿಸಿದ್ರೂ ಅಷ್ಟಾಗಿ ಬಣ್ಣ ತಿರುಗಲ್ಲ. ಬಿಸಿಲು ಏರ್ತಾ ಹೋದಂಗೆ ಸ್ಯಾಪಲ್ಲಿ ಬ್ಯಾಕ್ಟೀರಿಯಾ ಬೆಳೆದು ಸುಕ್ರೋಸನ್ನ ಗ್ಲೂಕೋಸ್ ಫ್ರಕ್ಟೋಸ್ ಆಗಿ ಒಡೀತಾವೆ, ಅವು ಅಮೈನೋ ಆಸಿಡ್ ಜೊತೆ ಸೇರಿ ಬೇಗ ಕಂದು ಆಗ್ತಾವೆ, ರುಚೀನೂ ಗಾಢ ಆಗತ್ತೆ. ಅಂದ್ರೆ ಅದೇ ತೋಟ ಅದೇ ಮರ, ಮಾರ್ಚಲ್ಲಿ ಗೋಲ್ಡನ್ ಕೊಟ್ಟಿದ್ದು ಏಪ್ರಿಲಲ್ಲಿ ಡಾರ್ಕ್ ಕೊಡತ್ತೆ. ಕಪ್ಪಗಿರೋದು ಹಳೇದೂ ಅಲ್ಲ ಕಲಬೆರಕೇನೂ ಅಲ್ಲ.

ಈಗಿನ ವ್ಯವಸ್ಥೇಲಿ ಗ್ರೇಡ್ ಎ ಒಳಗೇ ನಾಲ್ಕು ಕ್ಲಾಸ್ ಇದಾವೆ. ಸಿರಪ್ ಒಳಗಿಂದ ಎಷ್ಟು ಬೆಳಕು ಹಾಯತ್ತೆ ಅಂತ ಮೆಷಿನ್ನಲ್ಲಿ ಅಳೀತಾರೆ, ನೂರಕ್ಕೆ 75 ಅಥವಾ ಅದಕ್ಕಿಂತ ಜಾಸ್ತಿ ಹಾಯ್ದ್ರೆ ಗೋಲ್ಡನ್, 50ರಿಂದ 75ರೊಳಗೆ ಆಂಬರ್, 25ರಿಂದ 50ರೊಳಗೆ ಡಾರ್ಕ್, ಅದಕ್ಕೂ ಕಮ್ಮಿ ಆದ್ರೆ ವೆರಿ ಡಾರ್ಕ್. ಜೊತೆಗೆ ರುಚೀದೂ ಒಂದು ಮಾತು ಇರತ್ತೆ, ಡೆಲಿಕೇಟ್, ರಿಚ್, ರೋಬಸ್ಟ್, ಸ್ಟ್ರಾಂಗ್ ಅಂತ. ಈ ಪದ್ಧತಿ ಕೆನಡಾದಲ್ಲಿ ಬಂದಿದ್ದು 2014ರ ಕೊನೇಲಿ. ಅದಕ್ಕೂ ಮುಂಚೆ ನಂಬರ್ 1, ನಂಬರ್ 2, ನಂಬರ್ 3 ಅಂತಿತ್ತು, ನಂಬರ್ 3 ಅಂದ್ರೆ ಯಾರಿಗಾದ್ರೂ ಕಳಪೆ ಅಂತಾನೇ ಅನ್ಸತ್ತೆ ಅಲ್ವಾ. ತಿಳಿ ಬಣ್ಣಕ್ಕೆ ಮೇಲಿನ ಸ್ಥಾನ ಕೊಟ್ಟಿದ್ದಕ್ಕೆ ಒಂದು ಹಳೇ ಕಾರಣ ಇದೆ, ಬಿಳಿ ಸಕ್ಕರೆ ದುಬಾರಿ ಇದ್ದ ಕಾಲದಲ್ಲಿ ಮೇಪಲ್ಲನ್ನ ಸಕ್ಕರೆ ಬದಲಿಗೆ ಬಳಸ್ತಿದ್ರು, ಮೇಪಲ್ ರುಚಿ ಎಷ್ಟು ಕಮ್ಮಿ ಇದ್ರೆ ಅಷ್ಟು ಬಿಳಿ ಸಕ್ಕರೆಗೆ ಹತ್ರ, ಅಷ್ಟು ಬೆಲೆ. ಇವತ್ತು ನಾವು ಮೇಪಲ್ ರುಚಿಗೇ ದುಡ್ಡು ಕೊಡೋದು, ಹಂಗಿರುವಾಗ ತಿಳಿ ಬಣ್ಣಕ್ಕೆ ಜಾಸ್ತಿ ಕೊಡೋದ್ರಲ್ಲಿ ನನಗಂತೂ ಅರ್ಥ ಕಾಣಲ್ಲ.

ನನ್ನ ಲೆಕ್ಕ ಹೀಗೆ. ಗೋಲ್ಡನ್ ಚಮಚದಲ್ಲಿ ಹಾಗೇ ನೆಕ್ಕೋಕೆ, ವೆನಿಲ್ಲಾ ಐಸ್‌ಕ್ರೀಮಿಗೆ, ಬಿಸಿ ಅಡುಗೆಗೆ ಹಾಕಿದ್ರೆ ಕಳೆದೇ ಹೋಗತ್ತೆ. ಆಂಬರ್ ಎಲ್ಲರಿಗೂ ಹಿಡಿಸತ್ತೆ, ಮಕ್ಕಳ ಪ್ಯಾನ್‌ಕೇಕ್ ವಾಫಲಿಗೆ ಅದೇ ಸಾಕು. ಮನೇಲಿ ಒಂದೇ ಬಾಟಲಿ ಇಡ್ತೀರಾ ಅಂದ್ರೆ ಡಾರ್ಕ್ ತಗೊಳ್ಳಿ, ನೀರ್ ದೋಸೆ, ಒತ್ತು ಶಾವಿಗೆ ಮೇಲೆ ಹಾಕ್ಕೊಂಡ್ರೆ ಕಾಯಿಹಾಲಿನ ಜೊತೆಗೂ ಅದರ ರುಚಿ ನಿಲ್ಲತ್ತೆ, ಬೆಲ್ಲ ತಿಂದು ಬೆಳೆದ ನಾಲಿಗೆಗೆ ಗೋಲ್ಡನ್ ಬರೀ ಸಪ್ಪೆ ಸಿಹಿ. ವೆರಿ ಡಾರ್ಕ್ ಎಲ್ಲಾ ಅಂಗಡೀಲೂ ಸಿಗಲ್ಲ, ಸಿಕ್ರೆ ಬೇಕಿಂಗಿಗೆ, ಗೊಜ್ಜಿಗೆ ಇಟ್ಕೊಳ್ಳಿ, ಹುಣಸೆ ಖಾರದ ಮಧ್ಯೆಯೂ ಗೊತ್ತಾಗತ್ತೆ.

ಇಲ್ಲೀವರೆಗೆ ಹೇಳಿದ್ದು ಬರೀ ಸ್ಟೈಲಿನ ವ್ಯತ್ಯಾಸ. ನಿಜವಾದ ಕ್ವಾಲಿಟಿ ವ್ಯತ್ಯಾಸ ಒಂದೇ ಬಣ್ಣದ ಎರಡು ಬಾಟಲಿ ಮಧ್ಯೆ ಇರತ್ತೆ. ಮರ ಚಿಗುರೋಕೆ ಶುರು ಆದಮೇಲೆ ಇಳಿಸಿದ ಸ್ಯಾಪಿಂದ ಮಾಡಿದ್ದಕ್ಕೆ ಇಂಗ್ಲಿಷಲ್ಲಿ ಬಡ್ಡಿ (buddy, ಅಂದ್ರೆ ಮೊಗ್ಗಿನ ರುಚಿ ಇರೋದು) ಅಂತಾರೆ, ನಾಲಿಗೇಲಿ ಒಂಥರಾ ಕಮಟು, ನುಂಗಿದ್ಮೇಲೂ ಹೋಗಲ್ಲ. ತಳ ಹಿಡಿದಿದ್ರೆ ಸೀದ ವಾಸನೆ, ಸ್ಯಾಪ್ ಕಾಯಿಸದೆ ಇಟ್ಟು ಹಾಳು ಮಾಡಿದ್ರೆ ಹುಳಿ. ಗ್ರೇಡ್ ಎ ಅನ್ನಿಸ್ಕೋಬೇಕಾದ್ರೆ ಇವ್ಯಾವೂ ಇರಬಾರದು, ತಿಳಿಯಾಗಿರ್ಬೇಕು, ಗಸಿ ಇರಬಾರದು, ಅಂಥ ದೋಷ ಇರೋದು ಪ್ರೊಸೆಸಿಂಗ್ ಗ್ರೇಡ್ ಆಗಿ ಫ್ಯಾಕ್ಟರಿಗೆ ಹೋಗತ್ತೆ. ಆದ್ರೆ ರುಚಿ ನೋಡೋದು ಮನುಷ್ಯರ ನಾಲಿಗೆ ತಾನೇ, ಸೀಸನ್ ಕೊನೆ ಮಾಲಲ್ಲಿ ಒಂದೊಂದ್ಸಲ ಸಣ್ಣಗೆ ಆ ಕಮಟು ಸಿಗೋದುಂಟು. ಸಕ್ಕರೆ ಅಂಶಕ್ಕೂ ಮಿತಿ ಇದೆ, ಕೆನಡಾದಲ್ಲಿ ಕನಿಷ್ಠ 66 ಬ್ರಿಕ್ಸ್ (ತೂಕದಲ್ಲಿ ನೂರಕ್ಕೆ ಎಷ್ಟು ಭಾಗ ಸಕ್ಕರೆ ಅನ್ನೋ ಅಳತೆ), ಗರಿಷ್ಠ 68.9. ತೆಳು ಆದ್ರೆ ಹುಳಿತು ಹೋಗತ್ತೆ, ಗಟ್ಟಿ ಆದ್ರೆ ತಳದಲ್ಲಿ ಹರಳು ಕಟ್ಟತ್ತೆ. ಈ ಹರಳು ನೋಡಿ ಅಯ್ಯೋ ಸಕ್ಕರೆ ಬೆರೆಸಿದಾರೆ ಅಂತ ಬಾಟಲಿ ಹಿಡ್ಕೊಂಡು ಅಂಗಡಿಗೆ ವಾಪಸ್ ಹೋಗ್ಬೇಡಿ, ಅದು ಮೇಪಲ್ಲಿನದೇ ಸಕ್ಕರೆ, ಬಾಟಲೀನ ಬಿಸಿನೀರಲ್ಲಿ ಇಟ್ರೆ ಕರಗತ್ತೆ.

ಸೌದೆ ಒಲೇಲಿ ಕುದಿಸಿದ್ದೇ ಶ್ರೇಷ್ಠ, ರಿವರ್ಸ್ ಆಸ್ಮೋಸಿಸ್ ಮೆಷಿನ್ನಲ್ಲಿ ಮೊದಲು ನೀರು ತೆಗೆದು ಆಮೇಲೆ ಕುದಿಸಿದ್ದು ಡುಪ್ಲಿಕೇಟು ಅಂತ ವಾದ ಮಾಡೋರು ಸಿಗ್ತಾರೆ. ಅಮೆರಿಕದ ವರ್ಮಾಂಟ್ ಯೂನಿವರ್ಸಿಟಿಯ ಪ್ರಾಕ್ಟರ್ ಮೇಪಲ್ ರಿಸರ್ಚ್ ಸೆಂಟರಿನೋರು ಇದನ್ನ ಪರೀಕ್ಷೆ ಮಾಡಿದಾರೆ, ರುಚೀಲಿ ಹೇಳ್ಕೊಳ್ಳೋವಷ್ಟು ವ್ಯತ್ಯಾಸ ಸಿಕ್ಕಿಲ್ಲ. ಸೌದೆ ಹೊಗೆ ಫೋಟೋಗೆ ಚೆನ್ನಾಗಿರತ್ತೆ ಬಿಡಿ.

ಸೂಪರ್‌ಮಾರ್ಕೆಟ್ ಬಾಟಲಿಗಳು ಒಂದೇ ಥರ ರುಚಿ ಇರೋದಕ್ಕೆ ಕಾರಣ ಕ್ವಿಬೆಕ್. ಪ್ರಪಂಚದ ಮೇಪಲ್ ಸಿರಪ್ಪಲ್ಲಿ ನೂರಕ್ಕೆ ಸುಮಾರು 70 ಭಾಗ ಅಲ್ಲೀದೇ. ಅಲ್ಲಿ ರೈತರು ದೊಡ್ಡ ಡ್ರಮ್ಮಲ್ಲಿ ತುಂಬಿಸಿದ ಮಾಲನ್ನ ತಮ್ಮ ಉತ್ಪಾದಕರ ಒಕ್ಕೂಟದ ಮೂಲಕಾನೇ ಮಾರ್ಬೇಕು, ಕೋಟಾ ಇದೆ, ಡ್ರಮ್ಮುಗಳನ್ನ ಪರೀಕ್ಷೆ ಮಾಡಿ ಗ್ರೇಡ್ ಕೊಡ್ತಾರೆ, ಹೆಚ್ಚಾಗಿದ್ದು ರಿಸರ್ವ್ ಗೋಡೌನಿಗೆ ಹೋಗತ್ತೆ. ಈ ರಿಸರ್ವಿಂದಲೇ 2011-12ರಲ್ಲಿ ಹತ್ರಹತ್ರ 3000 ಟನ್ ಸಿರಪ್ ಕದ್ದಿದ್ದು, ಸುಮಾರು 18 ಮಿಲಿಯನ್ ಡಾಲರ್ ಮಾಲು, ಕೆಲವು ಡ್ರಮ್ಮಿಗೆ ನೀರು ತುಂಬಿಸಿ ಇಟ್ಟಿದ್ರಂತೆ! ಬಾಟಲಿ ತುಂಬಿಸೋ ಕಂಪನಿಗಳು ಬೇರೆ ಬೇರೆ ತೋಟದ ಡ್ರಮ್ಮುಗಳನ್ನ ಬೆರೆಸಿ ವರ್ಷಪೂರ್ತಿ ಒಂದೇ ಬಣ್ಣ ಒಂದೇ ರುಚಿ ತರ್ತಾರೆ. ಅದು ಮೋಸ ಅಲ್ಲ, ಶುದ್ಧ ಮೇಪಲ್ಲೇ, ಆದ್ರೆ ಒಂದು ತೋಟದ ಗುಣ ಅನ್ನೋದು ಅದರಲ್ಲಿ ಉಳಿಯಲ್ಲ. ಅದು ಬೇಕು ಅಂದ್ರೆ ನೇರ ರೈತರ ಹತ್ರ ಹೋಗಿ, ಸಣ್ಣ ಡಬ್ಬೀನ ಅವರು ಗಿರಾಕಿಗೆ ನೇರ ಮಾರಬಹುದು. ಒಂಟಾರಿಯೋದಲ್ಲಿರೋರಿಗೆ ವಾಟರ್‌ಲೂ ಹತ್ರ ಸೇಂಟ್ ಜೇಕಬ್ಸ್ ಮಾರ್ಕೆಟ್ಟು, ಸೀಸನ್ನಲ್ಲಿ ಎಲ್ಮೈರಾದ ಮೇಪಲ್ ಹಬ್ಬ, ಮಿಸ್ಸಿಸಾಗಾ ಓಕ್‌ವಿಲ್ ಕಡೆಯೋರಿಗೆ ಬ್ರಾಂಟೆ ಕ್ರೀಕ್ ಪಾರ್ಕು. ರುಚಿ ನೋಡೋಕೆ ಕೊಡ್ತಾರಾ ಕೇಳಿ, ಈ ಸೀಸನ್ನಿನ ಯಾವ ವಾರದ್ದು ಅಂತಾನೂ ಕೇಳಿ, ಉತ್ಸಾಹದಿಂದ ಹೇಳೋ ರೈತನ ಹತ್ರ ತಗೊಂಡ್ರೆ ನಷ್ಟ ಆಗಲ್ಲ.

ಅಮೆರಿಕದಲ್ಲಿರೋರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ, 2015ರಿಂದ ಅಲ್ಲೂ ಇದೇ ನಾಲ್ಕು ಹೆಸರು. ಹಳೇ ರೆಸಿಪೀಲಿ ಗ್ರೇಡ್ ಬಿ ಅಂತ ಕಂಡ್ರೆ ಈಗಿನ ಡಾರ್ಕ್ ಅಥವಾ ವೆರಿ ಡಾರ್ಕ್ ಅಂತ ಓದ್ಕೊಳ್ಳಿ. ವರ್ಮಾಂಟಿನೋರು ಕನಿಷ್ಠ 66.9 ಬ್ರಿಕ್ಸ್ ಇಟ್ಕೊಂಡಿದಾರೆ, ಒಂಚೂರು ಮಂದ ಬರತ್ತೆ, ಅದರ ಬಗ್ಗೆ ಅವರಿಗೆ ಜಂಬಾನೂ ಇದೆ.

ಸಸ್ಯಾಹಾರಿಗಳು ಎರಡು ವಿಷಯ ಗಮನಿಸಿ. ಕುದಿಯುವಾಗ ನೊರೆ ಇಳಿಸೋಕೆ ಒಂದೆರಡು ಹನಿ ಕೊಬ್ಬು ಹಾಕೋದು ಮೊದಲಿಂದ ಬಂದ ಪದ್ಧತಿ, ಹಿಂದೆ ಹಂದಿ ಕೊಬ್ಬೋ ಬೆಣ್ಣೇನೋ ಬಳಸ್ತಿದ್ರು, ಈಗ ಹೆಚ್ಚಿನ ಕಡೆ ವೆಜಿಟೆಬಲ್ ಆಯಿಲ್ ಅಥವಾ ರೆಡಿ ಡಿಫೋಮರ್. ಇದು ಲೇಬಲಲ್ಲಿ ಬರಲ್ಲ, ಮನಸ್ಸಿಗೆ ಕಿರಿಕಿರಿ ಅನ್ಸಿದ್ರೆ ಆರ್ಗ್ಯಾನಿಕ್ ಸರ್ಟಿಫಿಕೇಟ್ ಇರೋದನ್ನ ನೋಡಿ, ರೈತರನ್ನೇ ಕೇಳಿದ್ರೆ ಇನ್ನೂ ವಾಸಿ. ಎರಡನೇದು, ಕ್ವಿಬೆಕಲ್ಲಿ ಶುಗರ್ ಶ್ಯಾಕ್ ಊಟಕ್ಕೆ ಫ್ಯಾಮಿಲಿ ಸಮೇತ ಹೋಗ್ತೀರಾದ್ರೆ ಮುಂಚೆ ಫೋನ್ ಮಾಡಿ, ಅಲ್ಲಿ ಬಟಾಣಿ ಸೂಪಲ್ಲಿ, ಬೀನ್ಸಲ್ಲಿ ಕೂಡ ಹಂದಿ ಮಾಂಸ ಇರೋದೇ ಸಂಪ್ರದಾಯ. ಮೇಪಲ್ ಬಟರ್‌ನಲ್ಲಿ ಮಾತ್ರ ಬೆಣ್ಣೆ ಇರಲ್ಲ, ಸಿರಪ್ಪನ್ನೇ ಗಟ್ಟಿ ಮಾಡಿ ಕಡೆದಿರೋದು. ಮತ್ತೆ ಶುಗರ್ ಇರೋ ಅಪ್ಪ ಅಮ್ಮಂಗೆ ನ್ಯಾಚುರಲ್ಲು ಏನೂ ಆಗಲ್ಲ ಅಂತ ಧಾರಾಳವಾಗಿ ಬಡಿಸ್ಬೇಡಿ, ಮೂರನೇ ಎರಡು ಭಾಗ ಸಕ್ಕರೇನೇ ಅದು.

ಸೀಲ್ ಒಡೆದಮೇಲೆ ಫ್ರಿಜ್ಜಲ್ಲೇ ಇಡಿ, ಹೊರಗಿಟ್ರೆ ಬೂಷ್ಟು ಬರತ್ತೆ, ಪ್ರಿಸರ್ವೇಟಿವ್ ಏನೂ ಇಲ್ವಲ್ಲ. ಫ್ರೀಜರಲ್ಲಿ ಇಟ್ರೂ ಕಲ್ಲಿನಂಗೆ ಗಟ್ಟಿ ಆಗಲ್ಲ. ಪ್ಲಾಸ್ಟಿಕ್ ಜಗ್ಗಲ್ಲಿ ಗಾಳಿ ಸಣ್ಣಗೆ ಒಳಗೆ ಹೋಗಿ ತಿಂಗಳು ಕಳೆದಂಗೆ ಬಣ್ಣ ಕಪ್ಪಾಗತ್ತೆ, ತುಂಬಾ ದಿನ ಇಡೋದಾದ್ರೆ ಗಾಜು ಅಥವಾ ಟಿನ್ ತಗೊಳ್ಳಿ. ಊರಿಗೆ ಒಯ್ಯೋಕೆ ಕ್ವಿಬೆಕ್ಕಿನ 540 ಎಂಎಲ್ ಟಿನ್ನಿಗಿಂತ ಒಳ್ಳೇದಿಲ್ಲ, ಒಡೆಯಲ್ಲ, ಸೋರಲ್ಲ, ಎಲೆ ಆಕಾರದ ಗಾಜಿನ ಬಾಟಲೀಗಿಂತ ಲೀಟರ್ ಲೆಕ್ಕದಲ್ಲಿ ಎಷ್ಟೋ ಅಗ್ಗ. ಚೆಕ್ ಇನ್ ಬ್ಯಾಗಲ್ಲೇ ಹಾಕಿ, ಹ್ಯಾಂಡ್ ಲಗೇಜಲ್ಲಿ ಇಟ್ಟಿದ್ದು ಸೆಕ್ಯುರಿಟೀಲಿ ಲಿಕ್ವಿಡ್ ಅಂತ ಕಸದ ಬುಟ್ಟಿ ಸೇರತ್ತೆ. ತೂಕ ಲೆಕ್ಕ ಹಾಕುವಾಗ 1 ಲೀಟರ್ ಅಂದ್ರೆ 1 ಕೆಜಿ ಅಂದ್ಕೋಬೇಡಿ, ಸಿರಪ್ಪೇ ಸುಮಾರು 1.3 ಕೆಜಿ ತೂಗತ್ತೆ, ಟಿನ್ನಿಂದು ಬೇರೆ.